ವಾಮಂಜೂರು ಬಸ್ಸಲ್ಲಿ ಟೈಮ್ ಮೆಷಿನ್: ಕಿವಿಯಿಂದ ಕೇಳುವ ‘ಡಾಕ್ಟರ್ ಹೂ’

(ನಮ್ಮ ಪಾಡ್‌ಕಾಸ್ಟ್‌ನ ಈ ವಾರದ ಸಂಚಿಕೆಯ ಪಠ್ಯರೂಪ. ಓದುವುದಕ್ಕಿಂತ ಕೇಳುವುದೇ ಇಷ್ಟ ಅನ್ನುವವರು ಮೇಲಿನ ಪ್ಲೇ ಬಟನ್ ಒತ್ತಿ.)

ಇಯರ್‌ಫೋನ್ ಸರಿಯಾಗಿ ಸಿಕ್ಕಿಸಿಕೊಳ್ಳಿ, ಯಾಕಂದ್ರೆ ಇವತ್ತಿನ ಮಾತು ಪೂರ್ತಿ ಕಿವಿಗೆ ಸಂಬಂಧಪಟ್ಟದ್ದು.

ನಾನು ದಿನಾ ಬೆಳಿಗ್ಗೆ ವಾಮಂಜೂರು ಜಂಕ್ಷನ್‌ನಲ್ಲಿ ಸಿಟಿ ಬಸ್ ಹತ್ತುತ್ತೇನೆ. ಕುಡುಪು, ಕುಲಶೇಖರ, ಬಿಕರ್ನಕಟ್ಟೆ, ನಂತೂರು ಅಂತ ಸ್ಟೇಟ್‌ಬ್ಯಾಂಕ್ ತನಕ. ಸೀಟು ಸಿಕ್ಕಿದರೆ ಪುಣ್ಯ. ನಿಂತರೆ ಒಂದು ಕೈ ಕಂಬಿಗೆ, ಇನ್ನೊಂದು ಕೈ ಬ್ಯಾಗಿಗೆ. ರೀಲ್ಸ್ ನೋಡುವುದಕ್ಕೆ ಮೂರನೇ ಕೈ ಬೇಕು. ಕಿವಿ ಮಾತ್ರ ಖಾಲಿ ಇರ್ತದೆ. ಹಾಗೆ ಖಾಲಿ ಇದ್ದ ಕಿವಿಗೆ ಎರಡು ವರ್ಷದ ಹಿಂದೆ ಬಂದು ಕೂತದ್ದು ‘ಡಾಕ್ಟರ್ ಹೂ’ ಧ್ವನಿ ನಾಟಕಗಳು. ಇವತ್ತು ಅವುಗಳಲ್ಲಿ ಮೂರರ ಬಗ್ಗೆ ಹೇಳ್ತೇನೆ. ಯಾವುದು ಚೆನ್ನಾಗಿದೆ, ಎಲ್ಲಿ ಬೋರ್ ಹೊಡೆಯುತ್ತದೆ, ಮತ್ತೆ ಅದರಲ್ಲೊಂದು ಕಥೆ ನಮ್ಮ ಮನೆಯಲ್ಲಿ ಎಂತ ಮಾಡಿತು, ಅದನ್ನೂ.

ಮೊದಲು, ಗೊತ್ತಿಲ್ಲದವರಿಗೆ ಚಿಕ್ಕ ಪರಿಚಯ. ‘ಡಾಕ್ಟರ್ ಹೂ’ ಬ್ರಿಟನ್ನಿನ ಬಿಬಿಸಿಯ ಟಿವಿ ಸರಣಿ. ಶುರುವಾದದ್ದು 1963ರ ನವೆಂಬರ್ 23ಕ್ಕೆ. ಡಾಕ್ಟರ್ ಅಂದ್ರೆ ಬೇರೆ ಗ್ರಹದಿಂದ ಬಂದ ಒಬ್ಬ ಅಲೆಮಾರಿ. ಅವನ ಹತ್ತಿರ ಒಂದು ನೀಲಿ ಪೊಲೀಸ್ ಪೆಟ್ಟಿಗೆ ಉಂಟು, ಹೆಸರು ಟಾರ್ಡಿಸ್. ಹೊರಗಿಂದ ನೋಡಿದರೆ ಫೋನ್ ಬೂತ್‌ನಷ್ಟು, ಒಳಗೆ ಹೋದರೆ ಅರಮನೆಯಷ್ಟು. ಅದರಲ್ಲಿ ಕೂತು ಯಾವ ಕಾಲಕ್ಕೂ, ಯಾವ ಜಾಗಕ್ಕೂ ಹೋಗಬಹುದು. ಸಾಯುವ ಹಂತಕ್ಕೆ ಬಂದಾಗ ಅವನು ಸಾಯುವುದಿಲ್ಲ, ಹೊಸ ಮುಖ, ಹೊಸ ಸ್ವಭಾವದೊಂದಿಗೆ ಮತ್ತೆ ಎದ್ದು ನಿಲ್ಲುತ್ತಾನೆ. ಅದಕ್ಕೇ ನಟರು ಬದಲಾದರೂ ಪಾತ್ರ ನಿಲ್ಲಲಿಲ್ಲ.

1989ರಲ್ಲಿ ಬಿಬಿಸಿ ಸರಣಿಯನ್ನು ನಿಲ್ಲಿಸಿತು. 1996ರಲ್ಲಿ ಒಂದೇ ಒಂದು ಟಿವಿ ಸಿನಿಮಾ ಬಂತು, ಪಾಲ್ ಮೆಕ್‌ಗ್ಯಾನ್ ಡಾಕ್ಟರ್ ಆದರು, ಆಮೇಲೆ ಮತ್ತೆ ಮೌನ. ಆ ಖಾಲಿ ಜಾಗದಲ್ಲಿ ಬಿಗ್ ಫಿನಿಶ್ ಅನ್ನುವ ಕಂಪನಿ 1999ರ ಜುಲೈಯಲ್ಲಿ ‘ದ ಸೈರನ್ಸ್ ಆಫ್ ಟೈಮ್’ ಅನ್ನುವ ಧ್ವನಿ ನಾಟಕ ತಂತು. ಟಿವಿಯಲ್ಲಿ ಡಾಕ್ಟರ್ ಆಗಿದ್ದ ಪೀಟರ್ ಡೇವಿಸನ್, ಕಾಲಿನ್ ಬೇಕರ್, ಸಿಲ್ವೆಸ್ಟರ್ ಮೆಕಾಯ್ ಮೂವರನ್ನೂ ಮೈಕ್ ಮುಂದೆ ಕೂರಿಸಿದರು. ಅಲ್ಲಿಂದ ಹೊರಟ ಆ ಮುಖ್ಯ ಸರಣಿ 2021ರ ಮಾರ್ಚ್‌ನಲ್ಲಿ ಮುಗಿಯುವಾಗ 275 ಕಥೆಗಳಾಗಿದ್ದವು. ಬೇರೆ ಉಪಸರಣಿಗಳು ಈಗಲೂ ಬರ್ತಾನೇ ಇವೆ. 2005ರಲ್ಲಿ ಟಿವಿಗೆ ‘ಡಾಕ್ಟರ್ ಹೂ’ ವಾಪಸ್ ಬಂದಾಗ, ಧ್ವನಿ ನಾಟಕದಲ್ಲಿ ಡಾಲೆಕ್‌ಗಳಿಗೆ ಧ್ವನಿ ಕೊಡುತ್ತಿದ್ದ ನಿಕೊಲಸ್ ಬ್ರಿಗ್ಸ್ ಟಿವಿಯ ಡಾಲೆಕ್‌ಗಳಿಗೂ ಧ್ವನಿಯಾದರು. ಧ್ವನಿ ನಾಟಕದಲ್ಲಿ ಸಣ್ಣ ಪಾತ್ರ ಮಾಡಿದ್ದ ಡೇವಿಡ್ ಟೆನೆಂಟ್ ಮುಂದೆ ಸ್ವತಃ ಡಾಕ್ಟರ್ ಆದರು.

ಈಗ ನೀವು ಕೇಳಬಹುದು: ವಿಜ್ಞಾನ ಕಥೆ ಅಂದ್ರೆ ಗ್ರಾಫಿಕ್ಸ್ ಬೇಡ್ವಾ? ಬರೀ ಮಾತಿನಲ್ಲಿ ಬಾಹ್ಯಾಕಾಶ ತೋರಿಸುವುದು ಹೇಗೆ ಮಾರಾಯ್ರೆ?

ನಮ್ಮ ಊರಿನವರು ಈ ಪ್ರಶ್ನೆ ಕೇಳಲೇಬಾರದು. ನಮ್ಮಲ್ಲಿ ತಾಳಮದ್ದಳೆ ಉಂಟಲ್ಲ! ವೇಷ ಇಲ್ಲ, ಕಿರೀಟ ಇಲ್ಲ, ಕುಣಿತ ಇಲ್ಲ. ಭಾಗವತರು, ಚೆಂಡೆ, ಮದ್ದಳೆ ಒಂದು ಕಡೆ. ಎದುರು ಕೂತ ನಾಲ್ಕೈದು ಅರ್ಥಧಾರಿಗಳು ಅಂಗಿ, ಪಂಚೆ, ಹೆಗಲಿಗೊಂದು ಶಾಲು. ಅಷ್ಟರಲ್ಲೇ ಕುರುಕ್ಷೇತ್ರ ಆಗಿಬಿಡ್ತದೆ, ಲಂಕೆ ಆಗಿಬಿಡ್ತದೆ. ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಯನ್ನು ಕ್ಯಾಸೆಟ್‌ನಲ್ಲಿ ಕೇಳಿದವರಿಗೆ ವಾಲಿ ಕಾಣಲಿಲ್ಲ ಅಂತ ಅನಿಸಿದ್ದುಂಟಾ?

ಇನ್ನೊಂದು ವಿಷಯ. ‘ಡಾಕ್ಟರ್ ಬದಲಾದರು, ಹೊಸಬರು ಹಳಬರಷ್ಟು ಚೆನ್ನಾಗಿಲ್ಲ’ ಅಂತ ಅಲ್ಲಿಯ ಅಭಿಮಾನಿಗಳು ಜಗಳ ಆಡ್ತಾರೆ. ನಮಗೆ ಇದು ಹೊಸತಾ? ಪ್ರಸಂಗ ಅದೇ ಕರ್ಣಪರ್ವ. ಆದರೆ ‘ಇವತ್ತು ಕರ್ಣ ಯಾರದ್ದು?’ ಅಂತ ಕೇಳಿಯೇ ಮನೆಯಿಂದ ಹೊರಡುವುದಲ್ವಾ ನಾವು! ಪಾತ್ರ ಒಂದೇ, ಅರ್ಥ ಹೇಳುವವರು ಬೇರೆ, ಹಾಗಾಗಿ ಕರ್ಣನೂ ಬೇರೆ. ‘ಡಾಕ್ಟರ್ ಹೂ’ ಕೂಡ ಅಷ್ಟೇ. ಟಿವಿಯಲ್ಲಿ ಬೈಸಿಕೊಂಡಿದ್ದ ಕಾಲಿನ್ ಬೇಕರ್, ಧ್ವನಿ ನಾಟಕಕ್ಕೆ ಬಂದ ಮೇಲೆ ಅನೇಕರ ಮೆಚ್ಚಿನ ಡಾಕ್ಟರ್ ಆದರು. ಕಣ್ಣು ಕುಕ್ಕುವ ಆ ಬಣ್ಣಬಣ್ಣದ ಕೋಟು ಕಿವಿಗೆ ಕಾಣುವುದಿಲ್ಲ ನೋಡಿ, ಒಳ್ಳೆಯ ಕಥೆ ಮತ್ತು ಒಳ್ಳೆಯ ಧ್ವನಿ ಮಾತ್ರ ಉಳಿಯಿತು.

ಕ್ಯಾಸೆಟ್ ಅಂದೆ. ಅಲ್ಲೂ ಒಂದು ಸಂಬಂಧ ಉಂಟು. 1960ರ ದಶಕದ ‘ಡಾಕ್ಟರ್ ಹೂ’ ಟೇಪ್‌ಗಳನ್ನು ಬಿಬಿಸಿ ಅಳಿಸಿ ಮತ್ತೆ ಬಳಸಿತು. 90ಕ್ಕೂ ಹೆಚ್ಚು ಕಂತುಗಳ ದೃಶ್ಯ ಇವತ್ತಿಗೂ ಇಲ್ಲ. ಆದರೆ ಎಲ್ಲ ಕಂತುಗಳ ಧ್ವನಿ ಉಳಿದಿದೆ! ಯಾಕಂದ್ರೆ ಕೆಲವು ಹುಡುಗರು ಮನೆಯ ಟಿವಿ ಮುಂದೆ ಟೇಪ್ ರೆಕಾರ್ಡರ್ ಇಟ್ಟು ರೆಕಾರ್ಡ್ ಮಾಡಿಕೊಂಡಿದ್ದರು. ನಮ್ಮಲ್ಲೂ ತಾಳಮದ್ದಳೆಯ ಎಷ್ಟೋ ರಾತ್ರಿಗಳು ಉಳಿದದ್ದು ಹಾಗೇ, ಯಾರೋ ಅಭಿಮಾನಿ ವೇದಿಕೆಯ ಬದಿಯಲ್ಲಿ ಟೇಪ್ ರೆಕಾರ್ಡರ್ ಇಟ್ಟು ಕೂತದ್ದರಿಂದ.

ಸರಿ, ಕಥೆಗಳಿಗೆ ಬರುವ.

ಮೊದಲನೆಯದು ‘ಸ್ಟಾರ್ಮ್ ವಾರ್ನಿಂಗ್’. ಬಂದದ್ದು 2001ರ ಜನವರಿಯಲ್ಲಿ, ಬರೆದವರು ಅಲನ್ ಬಾರ್ನ್ಸ್. ಒಂದೇ ಸಿನಿಮಾದಲ್ಲಿ ಕಾಣಿಸಿ ಮಾಯವಾಗಿದ್ದ ಪಾಲ್ ಮೆಕ್‌ಗ್ಯಾನ್ ಮತ್ತೆ ಡಾಕ್ಟರ್ ಆದದ್ದು ಇದರಲ್ಲಿ. ಕಥೆ ನಡೆಯುವುದು ಆರ್101 ಅನ್ನುವ ಆಕಾಶನೌಕೆಯಲ್ಲಿ. ಇದು ಕಲ್ಪನೆ ಅಲ್ಲ, ನಿಜವಾಗಿ ಇದ್ದ ನೌಕೆ. ಹೈಡ್ರೋಜನ್ ತುಂಬಿದ, 777 ಅಡಿ ಉದ್ದದ ದೈತ್ಯ ಬಲೂನು ಅಂದುಕೊಳ್ಳಿ. 1930ರ ಅಕ್ಟೋಬರ್ 4ರ ಸಂಜೆ ಇಂಗ್ಲೆಂಡಿನಿಂದ ಹೊರಟಿತು. ಎಲ್ಲಿಗೆ ಗೊತ್ತಾ? ಕರಾಚಿಗೆ. ಆಗ ಅದು ಭಾರತವೇ. ಬ್ರಿಟಿಷರಿಗೆ ಭಾರತವನ್ನು ಬೇಗ ತಲುಪುವ ದಾರಿ ಬೇಕಿತ್ತು. ಆದರೆ ಅವತ್ತು ರಾತ್ರಿ ಮಳೆಗಾಳಿಗೆ ಸಿಕ್ಕಿ, ಮರುದಿನ ನಸುಕಿನಲ್ಲಿ ಫ್ರಾನ್ಸಿನ ಬೊವೆ ಊರಿನ ಹತ್ತಿರ ನೆಲಕ್ಕೆ ಬಿದ್ದು ಉರಿದುಹೋಯಿತು. ಇದ್ದ 54 ಜನರಲ್ಲಿ 48 ಜನ ಸತ್ತರು.

ಆ ನೌಕೆಯಲ್ಲಿ ಟಿಕೆಟ್ ಇಲ್ಲದೆ, ವೇಷ ಮರೆಸಿ ಹತ್ತಿದ ಒಬ್ಬ ಹುಡುಗಿ ಚಾರ್ಲಿ ಪೊಲಾರ್ಡ್. ಜಗತ್ತು ನೋಡಬೇಕು ಅಂತ ಮನೆ ಬಿಟ್ಟು ಬಂದವಳು. ಪಾತ್ರ ಮಾಡಿದ ನಟಿಯ ಹೆಸರು ಇಂಡಿಯಾ ಫಿಶರ್! ಡಾಕ್ಟರಿಗೆ ಇತಿಹಾಸ ಗೊತ್ತು. ಈ ನೌಕೆ ಬೀಳ್ತದೆ, ಇವಳು ಸಾಯಬೇಕು. ಆದರೆ ಅಷ್ಟು ಹೊತ್ತು ಮಾತಾಡಿದ, ಜೊತೆಗೆ ಓಡಿದ ಹುಡುಗಿಯನ್ನು ‘ಇತಿಹಾಸದಲ್ಲಿ ಹಾಗೇ ಬರೆದಿದೆ’ ಅಂತ ಬಿಟ್ಟು ಹೋಗುವುದು ಹೇಗೆ? ಅವಳನ್ನು ಉಳಿಸಿದರೆ ಕಾಲವೇ ಹರಿದುಹೋಗಬಹುದು. ಅವನು ಎಂತ ಮಾಡ್ತಾನೆ ಅನ್ನುವುದರ ಮೇಲೆ ಮುಂದಿನ ಹಲವಾರು ಕಥೆಗಳು ನಿಂತಿವೆ.

ನನ್ನ ದೂರು ಎಂತದ್ದು ಅಂದ್ರೆ, ಶುರುವಿನ ಹತ್ತು ನಿಮಿಷ ಡಾಕ್ಟರ್ ಒಬ್ಬನೇ ಇದ್ದು ತನಗೆ ತಾನೇ ಮಾತಾಡಿಕೊಳ್ತಾನೆ. ಕೇಳುಗರಿಗೆ ಜಾಗ ಗೊತ್ತಾಗಬೇಕಲ್ಲ, ಅದಕ್ಕೆ. ಸ್ವಲ್ಪ ನಾಟಕೀಯ ಅನಿಸ್ತದೆ. ಬೇರೆ ಲೋಕದ ಜನರ ಭಾಗವೂ ಎಳೆದದ್ದು ಹೆಚ್ಚಾಯಿತು. ಆದರೆ ಗಾಳಿಯ ಸದ್ದು, ಎಂಜಿನ್‌ನ ಗುಂಯ್ ಅನ್ನುವ ದನಿ, ಎಲ್ಲೋ ಲೋಹ ಕಿರುಗುಟ್ಟುವುದು ಇದೆಯಲ್ಲ, ಜುಲೈ ತಿಂಗಳ ಮಳೆಯಲ್ಲಿ ಕಿಟಕಿಯ ಟಾರ್ಪಾಲ್ ಇಳಿಸಿದ ಬಸ್ಸಿನಲ್ಲಿ ಕೂತು ಕೇಳಿ ನೋಡಿ. ಕುಲಶೇಖರದ ಗುಂಡಿಗೆ ಬಸ್ ಹಾರಿದಾಗ ನೌಕೆಯೇ ಬಿತ್ತು ಅಂತ ನಾನು ಕಂಬಿ ಹಿಡಿದದ್ದುಂಟು. ಹತ್ತಕ್ಕೆ ಏಳು ಕೊಡ್ತೇನೆ. ಹೊಸಬರು ಶುರು ಮಾಡಲು ಇದೇ ಸರಿ.

ಎರಡನೆಯದು ‘ದ ಚೈಮ್ಸ್ ಆಫ್ ಮಿಡ್‌ನೈಟ್’. 2002ರ ಫೆಬ್ರವರಿ, ಬರೆದವರು ರಾಬರ್ಟ್ ಶಿಯರ್‌ಮನ್. 2005ರಲ್ಲಿ ಟಿವಿಯಲ್ಲಿ ಬಂದ ‘ಡಾಲೆಕ್’ ಕಂತು ಬರೆದವರೂ ಇವರೇ, ಅದಕ್ಕೂ ಮೂಲ ಇವರದೇ ‘ಜೂಬಿಲಿ’ ಅನ್ನುವ ಧ್ವನಿ ನಾಟಕ.

ಇದನ್ನು ನಾನು ಬಸ್ಸಿನಲ್ಲಿ ಕೇಳಲಿಲ್ಲ, ಅಮ್ಮನ ಜೊತೆ ಮನೆಯಲ್ಲಿ ಕೇಳಿದೆ. ಅಮ್ಮ ಬೀಡಿ ಕಟ್ಟುತ್ತಾರೆ. ನನಗೆ ನೆನಪು ಬಂದಾಗಿನಿಂದ ಹಾಗೇ. ಕಾಲು ಚಾಚಿ ಕೂತು, ಮಡಿಲಲ್ಲಿ ಗೆರಸೆ, ಅದರಲ್ಲಿ ಎಲೆ, ಹೊಗೆಸೊಪ್ಪು, ನೂಲು. ಪಕ್ಕದಲ್ಲಿ ರೇಡಿಯೊ. ಆಕಾಶವಾಣಿ ಮಂಗಳೂರು ಶುರುವಾದದ್ದು 1976ರಲ್ಲಿ. ಕದ್ರಿಯಿಂದ ಬರುವ ಆ ದನಿಗೆ ನಮ್ಮ ಕಡೆ ಬೀಡಿ ಕಟ್ಟುವ ಹೆಂಗಸರಷ್ಟು ನಿಯತ್ತಿನ ಕೇಳುಗರು ಬೇರೆ ಯಾರೂ ಇರಲಿಕ್ಕಿಲ್ಲ. ಕೈ ಬಿಡುವಿಲ್ಲ, ಕಣ್ಣು ಬಿಡುವಿಲ್ಲ, ಕಿವಿ ಮಾತ್ರ ಖಾಲಿ. ಬಸ್ಸಿನಲ್ಲಿ ನನ್ನದೂ ಅದೇ ಸ್ಥಿತಿ ಅಂತ ನನಗೆ ಹೊಳೆದದ್ದು ತುಂಬಾ ತಡವಾಗಿ.

ಆ ದಿನ ಭಾನುವಾರ, ಕರೆಂಟ್ ಇರಲಿಲ್ಲ, ರೇಡಿಯೊದ ಸೆಲ್ ಮುಗಿದಿತ್ತು. ‘ನೀನು ದಿನಾ ಕಿವಿಗೆ ಹಾಕಿ ಎಂತ ಕೇಳುವುದು? ನನಗೂ ಹಾಕು’ ಅಂದರು ಅಮ್ಮ. ಅಮ್ಮನಿಗೆ ಇಂಗ್ಲಿಷ್ ಬರುವುದಿಲ್ಲ. ಫೋನ್ ಸ್ಪೀಕರಿನಲ್ಲಿ ಹಾಕಿ, ಎರಡು ಮೂರು ನಿಮಿಷಕ್ಕೊಮ್ಮೆ ನಿಲ್ಲಿಸಿ, ತುಳುವಿನಲ್ಲಿ ಹೇಳ್ತಾ ಹೋದೆ. ಫೋನು ಭಾಗವತರು, ನಾನು ಅರ್ಥಧಾರಿ!

ಕಥೆ ಹೀಗೆ. 1906ರ ಕ್ರಿಸ್ಮಸ್ ಹಿಂದಿನ ರಾತ್ರಿ. ಒಂದು ದೊಡ್ಡ ಮನೆ, ಅದರ ಕೆಳಗೆ ಆಳುಗಳ ಕೋಣೆಗಳು. ಡಾಕ್ಟರ್ ಮತ್ತು ಚಾರ್ಲಿ ಕತ್ತಲೆಯ ಅಡುಗೆಮನೆಗೆ ಬಂದು ಸಿಕ್ಕಿಬೀಳ್ತಾರೆ. ಬಟ್ಲರ್, ಅಡುಗೆಯವಳು, ಡ್ರೈವರ್, ಇನ್ನೊಬ್ಬ ಕೆಲಸದವಳು, ಎಲ್ಲರಿಗಿಂತ ಕೆಳಗೆ ಪಾತ್ರೆ ತೊಳೆಯುವ ಈಡಿತ್. ಗಡಿಯಾರ ಹೊಡೆಯುವಾಗ ಒಬ್ಬೊಬ್ಬರೇ ಸಾಯ್ತಾರೆ. ಮೊದಲು ಸಾಯುವವಳು ಈಡಿತ್, ಪಾತ್ರೆ ತೊಳೆಯುವ ತೊಟ್ಟಿಯಲ್ಲೇ. ಯಾರಿಗೂ ಬೇಸರವೇ ಇಲ್ಲ! ಹನ್ನೆರಡು ಹೊಡೆದ ಮೇಲೆ ಗಡಿಯಾರ ಹಿಂದೆ ಹೋಗ್ತದೆ, ಸತ್ತವರು ಎದ್ದು ಅದೇ ಮಾತು ಆಡ್ತಾರೆ, ಮತ್ತೆ ಸಾಯ್ತಾರೆ. ಎದುರಿಗಿರುವ ಆಳುಗಳು ‘ನಾನು ಏನೂ ಅಲ್ಲ, ನಾನು ಯಾರೂ ಅಲ್ಲ’ ಅನ್ನುವ ಅರ್ಥದ ಮಾತನ್ನು ಮತ್ತೆ ಮತ್ತೆ ಹೇಳ್ತಾರೆ. ಮೊದಲು ತಮಾಷೆ ಅನಿಸ್ತದೆ. ನಾಲ್ಕನೇ ಸಲ ಕೇಳುವಾಗ ಮೈ ಜುಂ ಅನ್ನುತ್ತದೆ.

ಅಮ್ಮನ ಕೈ ನಿಲ್ಲಲಿಲ್ಲ. ಆದರೆ ಎರಡನೇ ಭಾಗದಲ್ಲಿ ಕೇಳಿದರು: ‘ಆ ಪಾತ್ರೆ ತೊಳೆಯುವ ಹುಡುಗಿಗೆ ಮನೆಯವರು ಯಾರೂ ಇಲ್ವಾ ಮಗಾ?’ ನಾನು ‘ಮುಂದೆ ಗೊತ್ತಾಗ್ತದೆ’ ಅಂದೆ. ಮುಂದೆ ಗೊತ್ತಾಗುವುದನ್ನು ಇಲ್ಲಿ ಪೂರ್ತಿ ಹೇಳುವುದಿಲ್ಲ. ಇಷ್ಟು ಹೇಳ್ತೇನೆ. ಆ ಮನೆ ಆ ಹುಡುಗಿಯ ದುಃಖದ ಮೇಲೆ ಬದುಕ್ತಾ ಉಂಟು, ಮತ್ತೆ ಅವಳಿಗೂ ಚಾರ್ಲಿಗೂ ಒಂದು ಹಳೆಯ ಸಂಬಂಧ ಉಂಟು. ಯಾರೋ ಒಬ್ಬರು ಒಮ್ಮೆ ಪ್ರೀತಿಯಿಂದ ಮಾತಾಡಿದ್ದೇ ಅವಳ ಇಡೀ ಬದುಕಿನ ಆಸ್ತಿ.

ಮುಗಿಯುವಾಗ ಸಂಜೆ ಆಗಿತ್ತು. ಅಮ್ಮ ಬೀಡಿ ಕಟ್ಟುಗಳನ್ನು ಲೆಕ್ಕ ಮಾಡಿ ಜೋಡಿಸಿದರು. ಆಮೇಲೆ ಸುಮ್ಮನೆ ಹೇಳಿದ ಹಾಗೆ ಹೇಳಿದರು: ‘ಬೀಡಿ ಕೊಡಲಿಕ್ಕೆ ಹೋದರೆ ನನ್ನನ್ನೂ ಯಾರೂ ಹೆಸರು ಹಿಡಿದು ಕರೆಯುವುದಿಲ್ಲ. ಪುಸ್ತಕದ ನಂಬರ್ ಕರೆಯುವುದು. ಅಭ್ಯಾಸ ಆಗಿದೆ.’

ನನಗೆ ತಕ್ಷಣ ನೆನಪಾದದ್ದು ಕಾಲೇಜಿನ ಅರ್ಜಿ. ಪಿಯುಸಿ ಸೇರುವಾಗ ಅರ್ಜಿ ತುಂಬಿದ್ದು ನಾನೇ. ತಾಯಿಯ ಉದ್ಯೋಗ ಅನ್ನುವ ಕಡೆ ‘ಗೃಹಿಣಿ’ ಅಂತ ಬರೆದಿದ್ದೆ. ಹಿಂದೆ ನಿಂತವರು ನೋಡಿಯಾರು ಅನ್ನುವ ನಾಚಿಕೆ. ಬೀಡಿ ಕಾರ್ಮಿಕರ ಮಕ್ಕಳಿಗೆ ಕೇಂದ್ರ ಕಾರ್ಮಿಕ ಸಚಿವಾಲಯದ ವಿದ್ಯಾರ್ಥಿವೇತನ ಉಂಟು. ಅಮ್ಮನ ಹತ್ತಿರ ಕಾರ್ಡೂ ಇತ್ತು. ನಾನು ಅರ್ಜಿ ಹಾಕಲಿಲ್ಲ. ಆ ವರ್ಷದ ಫೀಸಿಗೆ ಅಮ್ಮ ರಾತ್ರಿ ಹನ್ನೊಂದರ ತನಕ ಕಟ್ಟಿದರು. ‘ವಿದ್ಯಾರ್ಥಿವೇತನ ಸಿಗುವುದಿಲ್ವಂತೆ’ ಅಂತ ನಾನು ಸುಳ್ಳು ಹೇಳಿದ್ದೆ. ಈಡಿತ್‌ಗೆ ‘ನೀನು ಯಾರೂ ಅಲ್ಲ’ ಅಂತ ಹೇಳಿದ್ದು ಆ ಮನೆ. ನಮ್ಮ ಮನೆಯಲ್ಲಿ ಹಾಗೆ ಬರೆದದ್ದು ನಾನು.

ಆ ಸಂಜೆ ಅಮ್ಮನಿಗೆ ನಿಜ ಹೇಳಿದೆ. ಸಿನಿಮಾದ ಹಾಗೆ ಎಂತದೂ ಆಗಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಹೌದಾ? ಮೊದಲೇ ಹೇಳಿದ್ದರೆ ಆ ವರ್ಷ ಸೊಸೈಟಿ ಸಾಲ ತೆಗೆಯುವುದು ಬೇಡ ಇತ್ತು’ ಅಂದರು. ಅಷ್ಟೇ. ಬೈದಿದ್ದರೆ ಒಳ್ಳೆಯದಿತ್ತು. ಈ ವರ್ಷ ತಮ್ಮನ ಅರ್ಜಿಯನ್ನು ನಾನು, ಅವನು, ಅಮ್ಮ ಮೂವರೂ ಕೂತು ತುಂಬಿದೆವು. ತಾಯಿಯ ಉದ್ಯೋಗ: ಬೀಡಿ ಕಾರ್ಮಿಕೆ. ವಿದ್ಯಾರ್ಥಿವೇತನಕ್ಕೂ ಹಾಕಿದ್ದೇವೆ. ಬರ್ತದಾ ಇಲ್ವಾ ನೋಡಬೇಕು.

ಹಾಗಾಗಿ ಈ ಕಥೆಗೆ ಅಂಕ ಕೊಡುವುದು ನನಗೆ ಕಷ್ಟ. ದೂರು ಹೇಳಲೇಬೇಕು ಅಂದ್ರೆ, ಕೊನೆಯ ಭಾಗದಲ್ಲಿ ವಿವರಣೆ ಗಡಿಬಿಡಿ ಆಗ್ತದೆ, ಕಾಲದ ಗಂಟು ಅರ್ಥ ಆಗಲು ನಾನು ಎರಡು ಸಲ ಹಿಂದೆ ಹೋಗಿ ಕೇಳಿದೆ. ‘ಸ್ಟಾರ್ಮ್ ವಾರ್ನಿಂಗ್’ ಕೇಳದೆ ಇದನ್ನು ಕೇಳಿದರೆ ಕೊನೆ ಪೂರ್ತಿ ತಾಗುವುದಿಲ್ಲ. ಆದರೂ ಹತ್ತಕ್ಕೆ ಹತ್ತು. ಅಮ್ಮನದ್ದೂ ಅಷ್ಟೇ, ಆದರೆ ‘ಹೆದರಿಸುವ ಸಂಗೀತ ಸ್ವಲ್ಪ ಹೆಚ್ಚಾಯಿತು’ ಅಂತಲೂ ಹೇಳಿದ್ದಾರೆ.

ಮೂರನೆಯದು ‘ಸ್ಪೇರ್ ಪಾರ್ಟ್ಸ್’. 2002ರ ಜುಲೈ, ಬರೆದವರು ಮಾರ್ಕ್ ಪ್ಲಾಟ್, ಡಾಕ್ಟರ್ ಪೀಟರ್ ಡೇವಿಸನ್. ಸೈಬರ್‌ಮನ್ ಅನ್ನುವ ಯಂತ್ರಮಾನವರು ಈ ಸರಣಿಯ ಹಳೆಯ ವೈರಿಗಳು. ಅವರು ಹುಟ್ಟಿದ್ದು ಹೇಗೆ ಅನ್ನುವುದು ಈ ಕಥೆ. ಮೊಂಡಸ್ ಅನ್ನುವ ಗ್ರಹ ಭೂಮಿಯ ಹಾಗೇ ಇದ್ದದ್ದು, ಸೂರ್ಯನಿಂದ ದೂರ ತೇಲಿಹೋಗಿದೆ. ಜನ ನೆಲದಡಿಯ ಊರಿನಲ್ಲಿ ಬದುಕ್ತಾರೆ. ಟ್ರಾಮ್ ಉಂಟು, ಸಿನಿಮಾ ಉಂಟು, ಸಾಧಾರಣ ಸಂಸಾರಗಳುಂಟು. ಹೊರಗಿನ ಚಳಿಯಲ್ಲಿ ಕೆಲಸ ಮಾಡಲು ಮನುಷ್ಯರಿಂದ ಆಗುವುದಿಲ್ಲ, ಹಾಗಾಗಿ ಕೆಲಸಕ್ಕೆ ಕರೆದವರ ದೇಹದ ಒಂದೊಂದೇ ಭಾಗ ತೆಗೆದು ಯಂತ್ರ ಜೋಡಿಸ್ತಾರೆ. ಕೊನೆಗೆ ಮನಸ್ಸನ್ನೂ ತೆಗೀತಾರೆ, ನೋವು ಗೊತ್ತಾಗಬಾರದಲ್ಲ. ಇಲ್ಲಿ ರಾಕ್ಷಸರು ಯಾರೂ ಇಲ್ಲ. ಬದುಕಬೇಕು ಅಂತ ಒಂದೊಂದೇ ಒಪ್ಪಿಕೊಂಡು ಹೋದ ಜನ ಅಷ್ಟೇ.

ಹಾರ್ಟ್ಲಿ ಅನ್ನುವ ಮನೆಯ ಮಗಳು ಇವಾನ್‌ಗೆ ಎದೆಯ ಕಾಯಿಲೆ, ಕೆಮ್ಮು. ಅವಳಿಗೂ ಕೆಲಸದ ಕರೆ ಬರ್ತದೆ. ಅವಳು ವಾಪಸ್ ತಂದೆಯ ಮನೆ ಬಾಗಿಲಿಗೆ ಬರುವ ದೃಶ್ಯ ಉಂಟಲ್ಲ, ಅದನ್ನು ಚಿತ್ರದಲ್ಲಿ ತೋರಿಸಿದ್ದರೆ ಲೋಹದ ವೇಷ ನೋಡಿ ನಗು ಬರ್ತಿತ್ತೋ ಏನೋ. ಕಿವಿಯಲ್ಲಿ ಬರೀ ಆ ಯಂತ್ರದ ದನಿ, ಎದುರು ತಂದೆಯ ದನಿ. ನಾನು ನಂತೂರಿನಲ್ಲಿ ಇಳಿಯಬೇಕಿತ್ತು, ಸ್ಟೇಟ್‌ಬ್ಯಾಂಕ್ ತನಕ ಹೋಗಿಬಿಟ್ಟೆ. ಹೊಗೆಸೊಪ್ಪಿನ ಪುಡಿಗೆ ಅಮ್ಮ ಕೆಮ್ಮುವುದನ್ನು ಕೇಳಿಯೇ ನಾನು ಬೆಳೆದವಳು. ಹಾಗಾಗಿ ಇದನ್ನು ಅಮ್ಮನಿಗೆ ಹಾಕಲಿಲ್ಲ. ಹತ್ತಕ್ಕೆ ಒಂಬತ್ತು. ಒಂದು ಕಳೆದದ್ದು ಯಾಕಂದ್ರೆ ಹಳೆಯ ಸೈಬರ್‌ಮನ್ ದನಿಯನ್ನು ಹಾಗೇ ಅನುಕರಿಸಿದ್ದಾರೆ, ಕೆಲವು ಮಾತು ಸಬ್‌ಟೈಟಲ್ ಇಲ್ಲದೆ ತಿಳಿಯುವುದಿಲ್ಲ.

ಈಗ ಕೆಲಸಕ್ಕೆ ಬರುವ ಮಾತು. 275 ನೋಡಿ ಹೆದರಬೇಡಿ, ಎಲ್ಲ ಕೇಳುವ ಅಗತ್ಯ ಇಲ್ಲ. ‘ಸ್ಟಾರ್ಮ್ ವಾರ್ನಿಂಗ್’, ಆಮೇಲೆ ‘ಚೈಮ್ಸ್’, ನಂತರ ‘ಸ್ಪೇರ್ ಪಾರ್ಟ್ಸ್’ ಕೇಳಿ ಸಾಕು. ಒಂದೊಂದು ಕಥೆ ನಾಲ್ಕು ಭಾಗ, ಸುಮಾರು ಎರಡು ಗಂಟೆ. ಒಂದು ಭಾಗ ಅಂದ್ರೆ ಹೆಚ್ಚುಕಮ್ಮಿ ವಾಮಂಜೂರಿನಿಂದ ಸ್ಟೇಟ್‌ಬ್ಯಾಂಕ್. ಬಿಗ್ ಫಿನಿಶ್‌ನಲ್ಲಿ ಹಳೆಯ ಕಥೆಗಳ ಬೆಲೆ ಹೊಸದಕ್ಕಿಂತ ಕಡಿಮೆ. ಮನೆಯ ವೈಫೈನಲ್ಲಿ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ. ಬ್ರಿಟಿಷ್ ಉಚ್ಚಾರ ಮೊದಲ ಅರ್ಧ ಗಂಟೆ ಕಷ್ಟ, ಆಮೇಲೆ ಕಿವಿ ಹೊಂದಿಕೊಳ್ತದೆ. ವೇಗ ಹೆಚ್ಚು ಮಾಡಿ ಕೇಳಬೇಡಿ, ಮೌನವೂ ಕಥೆಯ ಭಾಗ.

ಕೊನೆಗೆ ಒಂದು ಆಸೆ. ಟಾರ್ಡಿಸ್ ಹೊರಡುವಾಗ ಬರುವ ಆ ಪ್ರಸಿದ್ಧ ಸದ್ದು ಇದೆಯಲ್ಲ, ಅದನ್ನು ಬಿಬಿಸಿಯ ಬ್ರಯಾನ್ ಹಾಡ್ಜ್‌ಸನ್ ಮಾಡಿದ್ದು ಹಳೆಯ ಪಿಯಾನೊದ ತಂತಿಗೆ ಮನೆಯ ಬೀಗದ ಕೈ ಉಜ್ಜಿ. ಅಷ್ಟೇ ಖರ್ಚು! ನಮ್ಮಲ್ಲಿ ಎಂತ ಕಮ್ಮಿ ಉಂಟು? ಮೈಸೂರಿನಲ್ಲಿ ಎಂ.ವಿ. ಗೋಪಾಲಸ್ವಾಮಿ 1935ರಲ್ಲೇ ಮನೆಯಿಂದ ಬಾನುಲಿ ಶುರು ಮಾಡಿದ ನಾಡು ಇದು. ರಾಜಶೇಖರ ಭೂಸನೂರಮಠ, ಮನು ಅವರಂಥವರು ಕನ್ನಡದಲ್ಲಿ ವಿಜ್ಞಾನ ಕಥೆ ಬರೆದಿದ್ದಾರೆ. ನಮ್ಮ ವಾಮಂಜೂರಿನ ಪಕ್ಕ ಪಿಲಿಕುಳದಲ್ಲಿ ತಾರಾಲಯವೇ ಉಂಟು. ಮಾತಿನಲ್ಲೇ ಲೋಕ ಕಟ್ಟುವ ಅರ್ಥಧಾರಿಗಳು ಊರಿಗೆ ನಾಲ್ಕು ಜನ ಸಿಗ್ತಾರೆ. ಇವರನ್ನೆಲ್ಲ ಒಂದೇ ಮೈಕಿನ ಮುಂದೆ ಕೂರಿಸಿದರೆ ಸಾಕು. ಫೋನಿನಲ್ಲೇ ರೆಕಾರ್ಡ್ ಮಾಡಿ, ಮೊದಲ ಕಂತು ಹತ್ತು ನಿಮಿಷ ಇರಲಿ. ಮಾಡಿದರೆ ನಮಗೆ ಕಳಿಸಿ, ಇದೇ ಪಾಡ್‌ಕಾಸ್ಟ್‌ನಲ್ಲಿ ಕೇಳಿಸುವ.

ಅದು ಬಂದರೆ ನಾನು ಅರ್ಥ ಹೇಳುವ ಕೆಲಸ ತಪ್ಪುತ್ತದೆ, ಅಮ್ಮನೇ ನೇರ ಕೇಳಬಹುದು. ನಿನ್ನೆ ರಾತ್ರಿಯೂ ಕೇಳಿದರು: ‘ಆ ಡಾಕ್ಟರಿನ ಮುಂದಿನ ಕಥೆ ಯಾವಾಗ?’ ಭಾನುವಾರ ಅಂದಿದ್ದೇನೆ. ರೇಡಿಯೊಗೆ ಹೊಸ ಸೆಲ್ಲೂ ತಂದಿಟ್ಟಿದ್ದೇನೆ.

ಇವತ್ತಿಗೆ ಇಷ್ಟು. ನನ್ನ ಸ್ಟಾಪ್ ಬಂತು.